ಎರಡನೇ ಸೈಟ್ ಯಾವಾಗ? ಅಜಿಮತ್ ನೋಡಿ ಹೇಳ್ತೀನಿ

ಸರಕು ಹಡಗಿನಲ್ಲಿ ನಾನು ಸೆಕೆಂಡ್ ಆಫೀಸರ್. ಜಿಪಿಎಸ್ ಇದ್ದೇ ಇದೆ. ಆದರೂ ಆಕಾಶ ತಿಳಿಯಾಗಿದ್ದರೆ ಸೆಕ್ಸ್ಟೆಂಟ್ (ಸೂರ್ಯ ಬಾನಂಚಿನಿಂದ ಎಷ್ಟು ಡಿಗ್ರಿ ಎತ್ತರದಲ್ಲಿದ್ದಾನೆ ಎಂದು ಅಳೆಯುವ ಉಪಕರಣ) ಹೊರಗೆ ತೆಗೆಯುತ್ತೇನೆ. ಬೆಳಿಗ್ಗೆ ಸೂರ್ಯನ ಒಂದು ಸೈಟ್ (ಎತ್ತರದ ಅಳತೆ), ನಡುಹಗಲಿಗೆ ಇನ್ನೊಂದು. ಒಂದೊಂದು ಸೈಟ್‌ನಿಂದ ಚಾರ್ಟ್‌ನಲ್ಲಿ ಒಂದು ಗೆರೆ ಸಿಗುತ್ತದೆ, ಹಡಗು ಅದರ ಮೇಲೆ ಎಲ್ಲೋ ಇದೆ. ಮೊದಲ ಗೆರೆಯನ್ನು ಹಡಗು ಓಡಿದಷ್ಟು ದೂರ ಮುಂದಕ್ಕೆ ಸರಿಸಿದರೆ ಎರಡೂ ಕೂಡುವಲ್ಲಿ ನಾವಿದ್ದೇವೆ. ಇದೇ ರನ್ನಿಂಗ್ ಫಿಕ್ಸ್.

ಹೊಸ ಕೆಡೆಟ್‌ಗಳು ಕೇಳುವುದು ಒಂದೇ: "ಸರ್, ಎಷ್ಟು ಗಂಟೆ ಬಿಟ್ಟು ಎರಡನೆಯದು?" ಗಡಿಯಾರ ನೋಡಿ ಹೇಳುವ ಮಾತಲ್ಲ ಅದು. ಗೆರೆ ಬೀಳುವುದು ಸೂರ್ಯನ ದಿಕ್ಕಿಗೆ ಅಡ್ಡವಾಗಿ. ಉತ್ತರದಿಂದ ಡಿಗ್ರಿಯಲ್ಲಿ ಅಳೆದ ಈ ದಿಕ್ಕೇ ಅಜಿಮತ್. ದಿಕ್ಕು ತಿರುಗದಿದ್ದರೆ ಎರಡನೇ ಗೆರೆ ಮೊದಲನೆಯದರ ಪಕ್ಕದಲ್ಲೇ ಬೀಳುತ್ತದೆ. ಕನಿಷ್ಠ 30 ಡಿಗ್ರಿ ತಿರುಗಿರಲಿ ಅನ್ನುತ್ತೇನೆ.

ಮಂಗಳೂರು ಬಿಟ್ಟು ಏಡನ್ ಕೊಲ್ಲಿ ಕಡೆ ಹೋಗುವ ದಾರಿ ತಗೊಳ್ಳಿ. ಡಿಸೆಂಬರ್ ಎರಡನೇ ವಾರ, ಅಕ್ಷಾಂಶ 12° ಉತ್ತರ, ಸೂರ್ಯನ ಡೆಕ್ಲಿನೇಷನ್ (ಸೂರ್ಯ ಯಾವ ಅಕ್ಷಾಂಶದ ನೆತ್ತಿಯ ಮೇಲಿದ್ದಾನೆ ಅನ್ನುವುದು) 23° ದಕ್ಷಿಣ. ಸೂರ್ಯ ನಮ್ಮ ಮಧ್ಯಾಹ್ನರೇಖೆಗೆ (ನೇರ ಉತ್ತರ-ದಕ್ಷಿಣ ಗೆರೆ) ಬರಲು 45° ಬಾಕಿ, ಅಂದರೆ ಮೂರು ಗಂಟೆ. ಅಜಿಮತ್ ಕಂಡುಹಿಡಿಯುವ ಎ, ಬಿ, ಸಿ ಕೋಷ್ಟಕದಲ್ಲಿ ಎ ಅಂದರೆ ಟ್ಯಾನ್ 12 ಭಾಗಿಸು ಟ್ಯಾನ್ 45: 0.213. ಬಿ ಅಂದರೆ ಟ್ಯಾನ್ 23 ಭಾಗಿಸು ಸೈನ್ 45: 0.600. ಎರಡಕ್ಕೂ ದಕ್ಷಿಣದ ಹೆಸರು, ಹಾಗಾಗಿ ಕೂಡಿಸಿ: 0.813. ಅದನ್ನು ಕಾಸ್ 12ರಿಂದ ಗುಣಿಸಿ, ಬಂದದ್ದರಿಂದ 1 ಅನ್ನು ಭಾಗಿಸಿದರೆ 51.5 ಡಿಗ್ರಿಯ ಟ್ಯಾನ್. ದಕ್ಷಿಣದಿಂದ ಪೂರ್ವಕ್ಕೆ 51.5, ಅಂದರೆ ಅಜಿಮತ್ 128.5. ಆಗಲೇ ಜೈರೋ ರಿಪೀಟರ್‌ನಲ್ಲಿ (ಜೈರೋ ದಿಕ್ಸೂಚಿಯ ಮುಖಫಲಕ) ಸೂರ್ಯ 130 ತೋರಿಸಿದ್ದರೆ ಜೈರೋ ಒಂದೂವರೆ ಡಿಗ್ರಿ ಹೈ, ಅಂದರೆ ಅಷ್ಟು ಜಾಸ್ತಿ ತೋರಿಸುತ್ತಿದೆ. ಒಂದೇ ಲೆಕ್ಕ, ಎರಡು ಕೆಲಸ!

ನಾವಿದ್ದೇವೆ ಅಂದುಕೊಂಡ ಜಾಗಕ್ಕೆ ಸೂರ್ಯನ ಲೆಕ್ಕದ ಎತ್ತರ 33° 44′. ತಿದ್ದುಪಡಿ ಎಲ್ಲಾ ಹಾಕಿದ ಮೇಲೆ ಸೆಕ್ಸ್ಟೆಂಟ್ 33° 48′ ಅಂದರೆ ನಾವು ಸೂರ್ಯನ ಕಡೆಗೆ 4 ಮೈಲಿ ಮುಂದಿದ್ದೇವೆ (ಒಂದು ಮಿನಿಟ್ ಕೋನಕ್ಕೆ ಒಂದು ನಾಟಿಕಲ್ ಮೈಲಿ). ಮೂರು ಗಂಟೆಯ ನಂತರ ಸೂರ್ಯ ನೇರ ದಕ್ಷಿಣಕ್ಕೆ. 51.5 ಡಿಗ್ರಿಯಲ್ಲಿ ಗೆರೆಗಳು ಚೆನ್ನಾಗಿ ಕತ್ತರಿಸುತ್ತವೆ. 12 ನಾಟ್‌ನಲ್ಲಿ (ಗಂಟೆಗೆ 12 ನಾಟಿಕಲ್ ಮೈಲಿ) ಓಟ 36 ಮೈಲಿ. ಆದರೆ ನಮಗೆ ಗೊತ್ತಿಲ್ಲದ ಒಂದು ನಾಟ್ ಸೆಳೆತ ಇದ್ದರೆ ಸರಿಸಿದ ಗೆರೆ 3 ಮೈಲಿವರೆಗೆ ಜಾರಿರಬಹುದು. ಸುಮ್ನೆ ಜಾಸ್ತಿ ಹೊತ್ತು ಕಾಯಬಾರದು ಅನ್ನೋದು ಇದಕ್ಕೇ.

ಅದೇ ಜಾಗ, ಏಪ್ರಿಲ್ 23ರ ಆಸುಪಾಸು. ಡೆಕ್ಲಿನೇಷನ್ 12° 30′ ಉತ್ತರ. ನಡುಹಗಲಿಗೆ ಮೂರು ಗಂಟೆ ಮೊದಲು ಅಜಿಮತ್ 084, ಒಂದು ಗಂಟೆ ಮೊದಲು 086. ಬೆಳಗ್ಗೆಯೆಲ್ಲಾ ಕಾದರೂ ಏನೂ ಸಿಗಲ್ಲ. ಆಮೇಲೆ ನೋಡಿ ಮಜಾ: ನಡುಹಗಲಿಗೆ ಎರಡು ನಿಮಿಷ ಮೊದಲು 044, ಎರಡು ನಿಮಿಷ ಆದಮೇಲೆ 316!

ಆಗ ಇಂಟರ್ಸೆಪ್ಟ್ (ಲೆಕ್ಕದ ಎತ್ತರಕ್ಕೂ ಅಳೆದ ಎತ್ತರಕ್ಕೂ ಇರುವ ವ್ಯತ್ಯಾಸ) ಗೊಡವೆಗೆ ಹೋಗುವುದಿಲ್ಲ. ಸೂರ್ಯ ಯಾವ ಜಾಗದ ನೆತ್ತಿಯ ಮೇಲಿದ್ದಾನೋ ಅದನ್ನೇ ಚಾರ್ಟ್‌ನಲ್ಲಿ ಗುರುತು ಹಾಕುತ್ತೇನೆ. ಎತ್ತರ 89° 18′ ಆದರೆ 90ಕ್ಕೆ 42′ ಕಡಿಮೆ, ಅಲ್ವಾ? ಕೈವಾರದಲ್ಲಿ 42 ಮೈಲಿಯ ವೃತ್ತ. ನಾಲ್ಕು ನಿಮಿಷದಲ್ಲಿ ಆ ಗುರುತು ಪಶ್ಚಿಮಕ್ಕೆ ಒಂದು ಡಿಗ್ರಿ ರೇಖಾಂಶ ಸರಿದಿರುತ್ತದೆ. ಅಲ್ಲಿಂದ ಇನ್ನೊಂದು ವೃತ್ತ. ಎರಡು ಕಡೆ ಕೂಡುತ್ತವೆ. ಸೂರ್ಯ ನಮ್ಮ ಉತ್ತರಕ್ಕೆ ದಾಟಿದ್ದರೆ ದಕ್ಷಿಣದ ಕೂಡು ನಮ್ಮದು. ಹಡಗು ಅಷ್ಟರಲ್ಲಿ ಓಡಿದ್ದು ಒಂದು ಮೈಲಿಯೂ ಇಲ್ಲ.

ಕಷ್ಟ ಇರುವುದು ಸೈಟ್ ತೆಗೆಯುವುದರಲ್ಲಿ. ಸೂರ್ಯ ನೆತ್ತಿಯ ಮೇಲಿದ್ದಾಗ ಸೆಕ್ಸ್ಟೆಂಟ್ ಯಾವ ಕಡೆ ತಿರುಗಿಸಿದರೂ ಅದರಲ್ಲಿ ಕಾಣುವ ಸೂರ್ಯನ ಬಿಂಬ ಬಾನಂಚಿನ ಹತ್ತಿರವೇ ಜಾರುತ್ತಿರುತ್ತದೆ. ಅದಕ್ಕೇ ಅಜಿಮತ್ ಮೊದಲೇ ಲೆಕ್ಕ ಹಾಕಿ, ಆ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತೇನೆ. ಕೆಡೆಟ್ ಕ್ರೋನೋಮೀಟರ್ (ಹಡಗಿನ ನಿಖರ ಗಡಿಯಾರ) ಪಕ್ಕದಲ್ಲಿ. ನಾಲ್ಕು ಸೆಕೆಂಡ್ ಹೆಚ್ಚುಕಮ್ಮಿ ಆದರೆ ರೇಖಾಂಶ ಒಂದು ಮಿನಿಟ್ ಹೋಯಿತು.