ಆಕಾರ ಹುಡುಕುವ ಬಗೆ: ಚಕ್ಕುಲಿ ಬಿಲ್ಲೆಯಿಂದ ಡಂಬಳದ ನಕ್ಷತ್ರದವರೆಗೆ

ಚಕ್ಕುಲಿ ಒರಳಿಗೆ ಹಿಟ್ಟು ತುಂಬುವ ಮೊದಲು ಅದರ ಬಿಲ್ಲೆಯನ್ನು ಒಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ನಡುವೆ ಕೊರೆದಿರುವ ಪುಟ್ಟ ನಕ್ಷತ್ರದ ತೂತು ಕಾಣುತ್ತದೆ. ಒತ್ತಿದ ಹಿಟ್ಟು ಆ ತೂತಿನಿಂದ ಇಳಿಯುವಾಗ ನಕ್ಷತ್ರದ ಒಂದೊಂದು ಮೂಲೆಯೂ ಒಂದೊಂದು ಉದ್ದನೆಯ ಏಣಾಗಿ ಹಿಗ್ಗುತ್ತದೆ. ಗದಗ ಜಿಲ್ಲೆಯ ಡಂಬಳದಲ್ಲಿರುವ ದೊಡ್ಡಬಸಪ್ಪ ದೇವಾಲಯದ ಗರ್ಭಗುಡಿಯನ್ನು ಹೊರಗಿನಿಂದ ಸುತ್ತು ಹಾಕಿದವರಿಗೆ ಇದೇ ಸಂಗತಿ ಕಲ್ಲಿನಲ್ಲಿ ಎದುರಾಗುತ್ತದೆ. 12ನೇ ಶತಮಾನದ ಆ ಗುಡಿಯ ತಳವಿನ್ಯಾಸವು 24 ಮೂಲೆಗಳ ನಕ್ಷತ್ರವಾಗಿದ್ದು, ಆ ಮೂಲೆಗಳು ಬುಡದ ಅಧಿಷ್ಠಾನದಿಂದ ಹೊರಟು ಗೋಡೆಯನ್ನು ಹಾದು ಶಿಖರದವರೆಗೂ ಏಣುಗಳಾಗಿ ಏರುತ್ತವೆ. ಒಂದು ಅಡುಗೆಮನೆಯ ಸಾಧನ, ಇನ್ನೊಂದು ಮಹಾಶಿಲ್ಪ. ಆದರೆ ಒಂದು ನಕ್ಷತ್ರವನ್ನು ಹಿಡಿದು ಉದ್ದಕ್ಕೆ ಎಳೆಯುವುದು ಎರಡರಲ್ಲಿಯೂ ನಡೆದಿರುವ ಕೆಲಸ.

ಆಕಾರಗಳನ್ನು ಹುಡುಕುವುದೆಂದರೆ ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕೂಡಿಹಾಕುವುದು ಎಂದು ಹಲವರು ತಿಳಿಯುತ್ತಾರೆ. ಹಾಗೆ ಕೂಡಿಹಾಕಿದ್ದು ಬೇಗ ಮರೆತುಹೋಗುತ್ತದೆ ಮತ್ತು ಕೆಲಸಕ್ಕೆ ಒದಗುವುದಿಲ್ಲ. ಒಂದು ಆಕಾರ ಕಂಡಾಗ ಅದು ಹುಟ್ಟಿದ್ದು ಹೇಗೆ, ಯಾವ ಚಲನೆಯಿಂದ, ಯಾವ ಎಣಿಕೆಯಿಂದ, ಯಾವ ಎಳೆತದಿಂದ ಎಂದು ಕೇಳಿಕೊಂಡರೆ ಮಾತ್ರ ಅದು ನಮ್ಮದಾಗುತ್ತದೆ. ಚಿತ್ರ ಬರೆಯುವವರಿಗೂ, ಕಸೂತಿ ಹಾಕುವವರಿಗೂ, ಲಾಂಛನ ಅಥವಾ ಪುಸ್ತಕದ ಮುಖಪುಟ ವಿನ್ಯಾಸ ಮಾಡುವವರಿಗೂ ಈ ಒಂದು ಪ್ರಶ್ನೆ ನೂರು ಮಾದರಿಗಳಿಗಿಂತ ಹೆಚ್ಚು ಬಾಳುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಕೆಳಗಿನ ಅಭ್ಯಾಸಗಳೆಲ್ಲವೂ ಆ ಪ್ರಶ್ನೆಯ ಸುತ್ತಲೇ ಇವೆ.

ಸಲಕರಣೆ ಹೆಚ್ಚೇನೂ ಬೇಡ. ಒಂದು ಚೌಕುಳಿ ಪುಸ್ತಕ, ಒಂದು ಪೆನ್ಸಿಲ್, ಒಂದು ಹಳೆಯ ಲಗ್ನಪತ್ರಿಕೆ ಸಾಕು. ಲಗ್ನಪತ್ರಿಕೆಯ ದಪ್ಪ ಹಾಳೆಯ ನಡುವೆ 3 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಉದ್ದದ ಕಿಂಡಿ ಕತ್ತರಿಸಿ, ಒಂದು ಕಣ್ಣು ಮುಚ್ಚಿ ಅದರ ಮೂಲಕ ನೋಡಿರಿ. ಕಿಂಡಿಯನ್ನು ಕಣ್ಣಿನ ಹತ್ತಿರಕ್ಕೂ ದೂರಕ್ಕೂ ಸರಿಸುತ್ತ ಹೋದಂತೆ, ಇಡೀ ಬೀದಿಯಾಗಿ ತೋರುತ್ತಿದ್ದದ್ದು ಒಂದು ಮಾಡಿನ ಇಳಿಜಾರು, ಒಂದು ತಂತಿಯ ಬಾಗು, ಒಂದು ನೆರಳಿನ ಮುಕ್ಕೋನವಾಗಿ ಬೇರೆಬೇರೆಯಾಗುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯುವುದನ್ನು ಮೊದಲ ಒಂದು ತಿಂಗಳಾದರೂ ಮುಂದೂಡಿರಿ. ಕ್ಯಾಮೆರಾ ಕ್ಷಣದಲ್ಲಿ ಎಲ್ಲವನ್ನೂ ಹಿಡಿದುಬಿಡುವುದರಿಂದ ಕಣ್ಣಿಗೆ ಆಯ್ದುಕೊಳ್ಳುವ ಕೆಲಸವೇ ಉಳಿಯುವುದಿಲ್ಲ. ಪೆನ್ಸಿಲ್ ಹಿಡಿದವರು ಯಾವ ಗೆರೆಯನ್ನು ಬಿಡಬೇಕೆಂದು ಪ್ರತಿ ಸಲವೂ ತೀರ್ಮಾನಿಸಲೇಬೇಕಾಗುತ್ತದೆ. ಹೊತ್ತು ಮಾತ್ರ ಮುಖ್ಯ. ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಏಣುಗಳು ಎದ್ದು ಕಾಣುತ್ತವೆ, ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಅವು ಮಂಕಾಗುತ್ತವೆ.

ಮೊದಲ ಅಡ್ಡಿ ಹೆಸರು. ತೆಂಗಿನಮರ ಬರೆಯಿರಿ ಎಂದರೆ ನಾವು ಎದುರಿಗಿರುವ ಮರವನ್ನು ಬಿಟ್ಟು ತಲೆಯಲ್ಲಿರುವ ತೆಂಗಿನಮರವನ್ನು ಬರೆಯುತ್ತೇವೆ. ಈ ಹಿಡಿತದಿಂದ ಬಿಡಿಸಿಕೊಳ್ಳಲು ಕನ್ನಡ ಓದುವವರಿಗೆ ಒಂದು ಸುಲಭ ಉಪಾಯವಿದೆ: ದಿನಪತ್ರಿಕೆಯ ದೊಡ್ಡ ತಲೆಬರಹವನ್ನು ತಲೆಕೆಳಗಾಗಿ ಹಿಡಿಯುವುದು. ಅರೆಕ್ಷಣದಲ್ಲಿ ಅಕ್ಷರಗಳು ಓದಿಸಿಕೊಳ್ಳುವುದನ್ನು ನಿಲ್ಲಿಸಿ ಬರೀ ಆಕಾರಗಳಾಗುತ್ತವೆ. ತಲೆಕಟ್ಟುಗಳು ಈಗ ಬುಡದಲ್ಲಿ ಸಾಲಾಗಿ ಕುಳಿತಿರುತ್ತವೆ. ಗುಡಿಸಿನ ಸುರುಳಿ, ಕೊಂಬಿನ ಬಾಗು, ಒತ್ತಕ್ಷರದ ತೂಗಾಟ ಒಂದೊಂದೂ ತನ್ನ ಬಲದ ಮೇಲೆ ನಿಲ್ಲುತ್ತದೆ. ಹತ್ತು ಅಕ್ಷರಗಳನ್ನು ಹಾಗೆಯೇ ನೋಡಿ ಬರೆಯಿರಿ, ಬಳಿಕ ಅವುಗಳ ಒಳಗಿನ ಖಾಲಿ ಜಾಗಗಳನ್ನು ಮಾತ್ರ ಕಪ್ಪು ತುಂಬಿರಿ. ‘ಠ’ದ ಒಳಗಿನ ದುಂಡು ಬಯಲೂ ‘ಆ’ದ ಒಳಗಿನ ವಕ್ರವಾದ ಬಯಲೂ ಅಕ್ಕಪಕ್ಕದಲ್ಲಿ ಬಂದಾಗ, ಒಂದು ಅಕ್ಷರಶೈಲಿ ಇನ್ನೊಂದಕ್ಕಿಂತ ನೆಮ್ಮದಿಯಾಗಿ ಓದಿಸಿಕೊಳ್ಳುವುದು ಏಕೆಂಬುದು ಸ್ವಲ್ಪ ಸ್ವಲ್ಪವಾಗಿ ಹೊಳೆಯುತ್ತದೆ.

ಖಾಲಿ ಜಾಗವೂ ಒಂದು ಆಕಾರವೆಂದು ಒಪ್ಪಿಕೊಂಡ ದಿನದಿಂದ ಹುಡುಕಾಟದ ಪಾಲು ಇಮ್ಮಡಿಯಾಗುತ್ತದೆ. ಜಗಲಿಯಲ್ಲಿರುವ ಕುರ್ಚಿಯ ಕಾಲುಗಳನ್ನು ಬರೆಯುವ ಬದಲು ಕಾಲುಗಳ ನಡುವಿನ ಬಯಲನ್ನು ಬರೆಯಿರಿ. ಕುರ್ಚಿ ತಾನಾಗಿಯೇ ಮೂಡುತ್ತದೆ, ಹೆಚ್ಚಿನ ವೇಳೆ ನೇರವಾಗಿ ಬರೆದದ್ದಕ್ಕಿಂತ ಸರಿಯಾಗಿಯೇ ಮೂಡುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳ, ಅಂದರೆ ಕಲ್ಲಿನ ಜಾಲರಿಗಳ, ಮುಂದೆ ನಿಂತಾಗ ಕಲ್ಲನ್ನೇ ನೋಡದೆ ಬೆಳಕು ಬರುವ ತೂತುಗಳನ್ನು ನೋಡಿರಿ. ಶಿಲ್ಪಿ ತೆಗೆದುಹಾಕಿದ್ದು ತೂತನ್ನು, ಉಳಿಸಿದ್ದು ಹೆಣಿಗೆಯನ್ನು; ಆದ್ದರಿಂದ ಉಳಿಯ ದಾರಿ ತಿಳಿಯುವುದು ತೂತಿನ ಅಂಚಿನಲ್ಲಿ.

ಇನ್ನು ಹುಟ್ಟಿನ ಬಗೆಗೆ ಬರೋಣ. ಇಲ್ಲಿ ನಿಧಾನಿಸುವುದು ಅಗತ್ಯ, ಕಾಗದ ಕತ್ತರಿಯೂ ಬೇಕು. ತಟ್ಟೆಯೊಂದನ್ನು ಬೋರಲು ಹಾಕಿ ಸುತ್ತ ಗೆರೆ ಎಳೆದು ದುಂಡನೆಯ ಕಾಗದ ಕತ್ತರಿಸಿರಿ. ಅದನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಹೀಗೆ ನಾಲ್ಕು ಸಲ ಮಡಿಸಿ ಬಿಡಿಸಿದರೆ ನಡುವಿನಿಂದ ಅಂಚಿಗೆ 16 ಮಡಿಕೆಗೆರೆಗಳು ಸಮವಾಗಿ ಹರಡಿರುತ್ತವೆ. ಈಗ ನಾಲ್ಕು ಮೂಲೆಗಳೂ ದುಂಡಿನ ಅಂಚನ್ನು ಮುಟ್ಟುವಂಥ ಒಂದು ಚೌಕವನ್ನು ರಟ್ಟಿನಲ್ಲಿ ಕತ್ತರಿಸಿ, ಎರಡರ ನಡುವನ್ನೂ ಒಂದು ಗುಂಡುಸೂಜಿಯಿಂದ ಚುಚ್ಚಿ ಹಿಡಿಯಿರಿ. ಚೌಕದ ಮೂಲೆಯನ್ನು ಒಂದು ಮಡಿಕೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ, ಮುಂದಿನ ಮಡಿಕೆಗೆ ತಿರುಗಿಸಿ ಮತ್ತೆ ಎಳೆಯಿರಿ. ನಾಲ್ಕು ಸಲ ಎಳೆಯುವಷ್ಟರಲ್ಲಿ 16 ಮೂಲೆಗಳ ನಕ್ಷತ್ರ ಸಿದ್ಧವಾಗಿರುತ್ತದೆ. ನಾಲ್ಕನೆಯ ತಿರುವಿಗೆ ಚೌಕ ಮೊದಲಿನ ಜಾಗಕ್ಕೇ ಬಂದು ಕೂರುತ್ತದೆ. ಪ್ರತಿ ತಿರುವೂ 22.5 ಡಿಗ್ರಿ. ಅದನ್ನು 15 ಡಿಗ್ರಿಗೆ ಇಳಿಸಿ ಆರು ಸಲ ಎಳೆದರೆ ಡಂಬಳದ 24 ಮೂಲೆಗಳು.

ಬರೆದ ನಕ್ಷತ್ರದ ಒಂದು ಮೂಲೆಯ ಮೇಲೆ ಅಂಚೆಕಾರ್ಡಿನ ಮೂಲೆಯನ್ನು ಇಟ್ಟು ನೋಡಿರಿ, ಸರಿಯಾಗಿ ಕೂರುತ್ತದೆ. ಮೂಲೆಗಳೆಲ್ಲ ಚೌಕದವೇ ಆದ್ದರಿಂದ ಅವು 90 ಡಿಗ್ರಿಯವು. ಬಾವುಟಗಳಲ್ಲಿ ಕಾಣುವ ಐದು ಮೂಲೆಯ ನಕ್ಷತ್ರದ ಚೂಪು ಇವುಗಳಿಗಿಲ್ಲ. ನಾನು ಬಹಳ ದಿನ ಗುಡಿಯ ಈ ನಕ್ಷತ್ರಗಳನ್ನು ಚೂಪಾಗಿಯೇ ಬರೆಯುತ್ತಿದ್ದೆ, ಚಿತ್ರ ಏಕೆ ಗುಡಿಯಂತೆ ಕಾಣುವುದಿಲ್ಲವೆಂದು ತಿಳಿಯದೆ ಒದ್ದಾಡುತ್ತಿದ್ದೆ. ರಟ್ಟಿನ ಚೌಕವನ್ನು ತಿರುಗಿಸಿದ ದಿನ ಆ ಗಂಟು ಬಿಚ್ಚಿತು. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಮೂರು ಗರ್ಭಗುಡಿಗಳಿಗೂ 16 ಮೂಲೆಗಳ ನಕ್ಷತ್ರದ ವಿನ್ಯಾಸವಿದೆ, ಗುಡಿ ನಿಂತಿರುವ ಜಗತಿಯೂ ಅದೇ ಅಂಚನ್ನು ಅನುಸರಿಸುತ್ತದೆ. ಅಲ್ಲಿಗೆ ಹೋದವರು ಶಿಲ್ಪಗಳಿಗೆ ಕಣ್ಣು ಹಾಯಿಸುವ ಮೊದಲು ಜಗತಿಯ ಮೇಲೆ ಗೋಡೆಗೆ ಹತ್ತಿರವಾಗಿ ಒಂದು ಸುತ್ತು ಬರಬೇಕು. ಬಿಸಿಲು ಬಿದ್ದ ಮುಖ, ನೆರಳಿನ ಮುಖ, ಮತ್ತೆ ಬಿಸಿಲು ಎಂದು ಗೋಡೆ ಮಡಿಕೆ ಮಡಿಕೆಯಾಗಿ ತೆರೆದುಕೊಳ್ಳುವಾಗ, ಚೌಕದ ತಿರುಗಾಟ ಕಾಲಿಗೇ ತಿಳಿಯುತ್ತದೆ.

ಇದೇ ಚೌಕವನ್ನು ವಿಜಯಪುರದ ಗೋಳಗುಮ್ಮಟದ ಒಳಗೆ ತಲೆಯೆತ್ತಿ ಹುಡುಕಿರಿ. ಕೆಳಗಿರುವುದು ಚೌಕದ ಹಜಾರ, ಮೇಲಿರುವುದು ಹೊರಗಿನಿಂದ ಸುಮಾರು 44 ಮೀಟರ್ ಅಡ್ಡಳತೆಯ ದುಂಡನೆಯ ಗುಮ್ಮಟ. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆಂಬ ಕಷ್ಟಕ್ಕೆ 17ನೇ ಶತಮಾನದ ಆ ಕಟ್ಟಡಗಾರರು ಕಂಡುಕೊಂಡ ದಾರಿ, ಒಂದರ ಮೇಲೊಂದು 45 ಡಿಗ್ರಿ ತಿರುಗಿಸಿದ ಎರಡು ಚೌಕಗಳ ಗೆರೆಯಲ್ಲಿ ಎಂಟು ಕಮಾನುಗಳನ್ನು ಹೆಣೆಯುವುದು. ಕಮಾನುಗಳು ಒಂದನ್ನೊಂದು ಹಾದು ನಡುವೆ ಅಷ್ಟಕೋನವನ್ನು ಬಿಡುತ್ತವೆ. ಅಷ್ಟಕೋನದಿಂದ ದುಂಡಿಗೆ ಇರುವ ಅಂತರ ಬಹಳ ಕಡಿಮೆ. ಹೊಯ್ಸಳರ ಕೆಲಸದಲ್ಲಿ ಹೊರಗೋಡೆಯನ್ನು ಮಡಿಸಿದ ತಿರುವೇ ಇಲ್ಲಿ ಒಳಗಿನ ಭಾರವನ್ನು ಹೊರುತ್ತಿದೆ.

ತಿರುಗುವಿಕೆಯಿಂದ ಹುಟ್ಟುವ ಇನ್ನೊಂದು ಕುಲವಿದೆ. ಹೊಯ್ಸಳ ದೇವಾಲಯಗಳ ಒಳಗಿನ ಕಡೆದ ಕಂಬಗಳು, ಚನ್ನಪಟ್ಟಣದ ಅರಗು ಬಣ್ಣದ ಗೊಂಬೆಗಳು, ಕುಂಬಾರನ ಚಕ್ರದಿಂದ ಇಳಿದ ಗಡಿಗೆ ಎಲ್ಲವೂ ಅದಕ್ಕೆ ಸೇರಿದವು. ಇವುಗಳ ಗುಟ್ಟು ಒಂದೇ ಬದಿಯ ಗೆರೆಯಲ್ಲಿದೆ. ಕಂಬದ ಸುತ್ತ ನಡೆಯುವಾಗ ಬದಿಯ ಗೆರೆ ಬದಲಾಗದಿದ್ದರೆ ಅದು ತಿರುಗಿಸಿ ಕಡೆದದ್ದು ಎಂದು ತಿಳಿಯಿರಿ. ಆ ಒಂದು ಗೆರೆಯನ್ನು ಬರೆದುಕೊಂಡರೆ ಇಡೀ ಕಂಬ ಪುಸ್ತಕದಲ್ಲಿದ್ದಂತೆ.

ಎಣಿಕೆಯಿಂದ ಹುಟ್ಟುವ ಆಕಾರಗಳಿಗೆ ಮನೆಯಂಗಳಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ. ಏಳು ಚುಕ್ಕಿಯ ಸಾಲೊಂದನ್ನು ಇಟ್ಟು, ಮೇಲೆ ಕೆಳಗೆ ನೇರ ಚುಕ್ಕಿಯಾಗಿ (ಚುಕ್ಕಿಯ ನೇರಕ್ಕೇ ಚುಕ್ಕಿ ಬರುವಂತೆ) ಐದು, ಮೂರು, ಒಂದು ಎಂದು ಇಳಿಸಿದರೆ ಒಟ್ಟು 25 ಚುಕ್ಕಿಗಳು ಮೂಲೆಯ ಮೇಲೆ ನಿಂತ ಚೌಕವಾಗುತ್ತವೆ. ಅದೇ ಏಳು ಚುಕ್ಕಿಯನ್ನು ಸಂದು ಚುಕ್ಕಿಯಾಗಿ (ಎರಡು ಚುಕ್ಕಿಗಳ ನಡುವಿನ ಸಂದಿಗೆ ಚುಕ್ಕಿ ಬರುವಂತೆ) ಆರು, ಐದು, ನಾಲ್ಕು ಎಂದು ಇಳಿಸಿದರೆ 37 ಚುಕ್ಕಿಗಳ ಷಟ್ಕೋನ ಬರುತ್ತದೆ. ಮೊದಲನೆಯದರಲ್ಲಿ ನಾಲ್ಕು ದಳದ ಹೂ, ತೊಟ್ಟಿಲು, ದೀಪ ಸಲೀಸಾಗಿ ಕೂರುತ್ತವೆ. ಎರಡನೆಯದರಲ್ಲಿ ಆರು ದಳದ ಕಮಲ ಕೈ ಬೇಡವೆಂದರೂ ಬಂದುಬಿಡುತ್ತದೆ. ಗೆರೆ ಎಳೆಯುವ ಮೊದಲೇ ಚುಕ್ಕಿಯ ಅಂತರವು ಆಕಾರದ ಗುಣವನ್ನು ನಿಶ್ಚಯಿಸಿರುತ್ತದೆ ಎಂಬುದನ್ನು ರಂಗೋಲಿ ಹಾಕುವ ಹೆಂಗಸರು ತಲೆಮಾರುಗಳಿಂದ ಬಲ್ಲರು, ವಿನ್ಯಾಸದ ತರಗತಿಗಳಲ್ಲಿ ಇದನ್ನು ಹೊಸ ವಿಷಯವೆಂಬಂತೆ ಕಲಿಸುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಧಾರವಾಡ ಸೀಮೆಯ ಕಸೂತಿಯೂ ಈ ಬಗೆಯದೇ. ಬಟ್ಟೆಯ ಮೇಲೆ ಚಿತ್ರ ಗುರುತು ಮಾಡಿಕೊಳ್ಳದೆ ಎಳೆ ಎಣಿಸಿಯೇ ಹಾಕುವುದರಿಂದ ಆನೆಯ ಬೆನ್ನೂ ಗೋಪುರವೂ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದರಂತೆ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗುತ್ತದೆ, ಹಾಗಾಗಿ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿರುತ್ತದೆ. ಕಸೂತಿಯ ನಮೂನೆಯನ್ನು ಚೌಕುಳಿ ಹಾಳೆಗೆ ಇಳಿಸುವಾಗ ಸೂಜಿ ಹೋದ ದಾರಿಯಲ್ಲಿಯೇ ಪೆನ್ಸಿಲ್ ಹೋಗಲಿ. ನಮೂನೆಯ ಒಳಗಟ್ಟು ಆಗ ಕೈಗೆ ಬರುತ್ತದೆ.

ಮನುಷ್ಯರ ಕೈಯಿಲ್ಲದೆ ಮೂಡಿದ ಆಕಾರಗಳಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಬಿರುಕುಗಳನ್ನು ಗಮನಿಸಿದರೆ, ತಡವಾಗಿ ಬಿಟ್ಟ ಬಿರುಕು ಮೊದಲಿನದನ್ನು ಹೆಚ್ಚುಕಡಿಮೆ ಲಂಬವಾಗಿ ಸೇರುವುದು ಕಾಣುತ್ತದೆ, ಆದ್ದರಿಂದ ಯಾವುದು ಮೊದಲು ಬಿಟ್ಟಿತೆಂದು ಓದಬಹುದು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳೂ ಕುಗ್ಗುವಿಕೆಯಿಂದ ಹುಟ್ಟಿದವೇ. ಲಾವಾ ತಣ್ಣಗಾಗುತ್ತ ಬಿರುಕು ಆಳಕ್ಕೆ ಇಳಿದಂತೆ ಮೂರು ಬಿರುಕುಗಳು ಒಂದೆಡೆ ಸುಮಾರು 120 ಡಿಗ್ರಿಯಲ್ಲಿ ಕೂಡುವ ಸ್ಥಿತಿಗೆ ಬಂದು, ಹಲವು ಮುಖಗಳ ಕಂಬಗಳಾದವು. ಎಲ್ಲವನ್ನೂ ಷಟ್ಕೋನವೆಂದು ಬರೆದುಕೊಳ್ಳಬೇಡಿ, ಎಣಿಸಿ ಬರೆಯಿರಿ. ಐದು, ಏಳು ಮುಖದವೂ ಸಿಗುತ್ತವೆ. ಅಡುಗೆಮನೆಯಲ್ಲಿ ಕತ್ತಿಯ ದಿಕ್ಕನ್ನು ಬದಲಿಸಿದರೆ ಸಾಕು. ಈರುಳ್ಳಿಯನ್ನು ಅಡ್ಡ ಕೊಯ್ದರೆ ಬಳೆಗಳು, ಉದ್ದ ಸೀಳಿದರೆ ದೀಪದ ಕುಡಿಗಳು. ಬೆಂಡೆಕಾಯಿಯ ಅಡ್ಡ ಕೊಯ್ತದಲ್ಲಿ ಹೆಚ್ಚಾಗಿ ಐದು ಮೂಲೆ. ಅದನ್ನು ಬಣ್ಣಕ್ಕೆ ಅದ್ದಿ ಒತ್ತಿದರೆ ಮಕ್ಕಳಿಗೂ ಒಂದು ಅಚ್ಚು ಸಿಕ್ಕಿತು. ಅನಾನಸ್ ಹಣ್ಣಿನ ಕಣ್ಣುಗಳ ಓರೆ ಸಾಲುಗಳನ್ನು ಸುಣ್ಣದ ಬೊಟ್ಟಿಟ್ಟು ಎಣಿಸಿರಿ, ಸಾಮಾನ್ಯವಾಗಿ ಒಂದು ಓರೆಗೆ 8, ಇನ್ನೊಂದು ಓರೆಗೆ 13 ಬರುತ್ತವೆ.

ಹೀಗೆ ಸಿಕ್ಕಿದ್ದನ್ನು ಸ್ವಂತ ಕೆಲಸಕ್ಕೆ ತರುವಾಗ ಮೊದಲು ಗೆರೆಗಳನ್ನು ಕಳೆಯಬೇಕು. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ನೃತ್ಯಗಾರರನ್ನು ಬರೆದ ರೇಖಾಚಿತ್ರಗಳಲ್ಲಿ ಕೆಲವೇ ಗೆರೆಗಳು ದೇಹದ ಓಟವನ್ನು ಹಿಡಿದು ನಿಲ್ಲಿಸುವುದನ್ನು ನೋಡಿದರೆ, ಎಷ್ಟನ್ನು ಬಿಡಬಹುದೆಂಬ ಅಂದಾಜು ಸಿಗುತ್ತದೆ. ಆಕಾರವನ್ನು ಅಂಗೈಯಷ್ಟು, ನಾಣ್ಯದಷ್ಟು, ಅಕ್ಕಿಕಾಳಿನಷ್ಟು ಎಂದು ಮೂರು ಅಳತೆಯಲ್ಲಿ ಬರೆದು, ಅಕ್ಕಿಕಾಳಿನ ಅಳತೆಯಲ್ಲಿಯೂ ಗುರುತು ಸಿಗುವಂಥ ಗೆರೆಗಳನ್ನು ಮಾತ್ರ ಉಳಿಸಿಕೊಳ್ಳಿರಿ. ಅದನ್ನು ಸೀರೆಯ ಅಂಚಿಗೋ ಪುಟದ ಚೌಕಟ್ಟಿಗೋ ಸಾಲಾಗಿ ಹೊಂದಿಸುವವರು ನೆನಪಿಡಬೇಕಾದ ಒಂದು ವಿಷಯವಿದೆ. ಸಾಲನ್ನು ಎಡದಿಂದ ತುಂಬುತ್ತ ಹೋದರೆ ತುದಿಯಲ್ಲಿ ಅರ್ಧ ಹೂವೋ ಮುಕ್ಕಾಲು ಹೂವೋ ಉಳಿದು, ಮೂಲೆ ಕೆಟ್ಟುಹೋಗುತ್ತದೆ. ಆದ್ದರಿಂದ ನಾಲ್ಕು ಮೂಲೆಗಳನ್ನು ಮೊದಲು ಬರೆದು ಮುಗಿಸಿ, ಪ್ರತಿ ಬದಿಯ ನಡುವಿನಲ್ಲಿ ಒಂದು ಆಕಾರ ಇಟ್ಟು, ಉಳಿದವನ್ನು ನಡುವಿನಿಂದ ಮೂಲೆಯ ಕಡೆಗೆ ಎರಡೂ ಬದಿಗೆ ಸಮವಾಗಿ ಎಣಿಸುತ್ತ ಬನ್ನಿರಿ; ಹೆಚ್ಚುಕಡಿಮೆಯಾದ ಅಳತೆಯನ್ನು ಆಕಾರಗಳ ನಡುವಿನ ಸಂದುಗಳಿಗೆ ಕೂದಲೆಳೆಯಷ್ಟು ಹಂಚಿದರೆ ಯಾವ ಹೂವನ್ನೂ ತುಂಡರಿಸಬೇಕಾಗುವುದಿಲ್ಲ.