ಕಚೇರಿಗೊಂದು ಕಡತ ಸರ್ವರ್: ಯಾರಿಗೆ ಎಷ್ಟು ಅವಕಾಶ?

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಎಷ್ಟೋ ಅಡಿಕೆ ಮಂಡಿಗಳಲ್ಲಿ ಈಗ ನಾಲ್ಕೈದು ಕಂಪ್ಯೂಟರ್‌ಗಳಿವೆ. ತೂಕದ ಪಟ್ಟಿ ಒಂದರಲ್ಲಿ, ಬೆಳೆಗಾರರ ಖಾತೆ ಇನ್ನೊಂದರಲ್ಲಿ. ನಡುವೆ ಓಡಾಡುವುದು ಪೆನ್‌ಡ್ರೈವ್. ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಧಾರಣೆ ಏರಿಳಿದ ದಿನ ಯಾವ ಪ್ರತಿ ಹೊಸದೆಂಬುದೇ ಗೊಂದಲ.

ಮೂಲೆ ಸೇರಿದ ಹಳೆಯ ಕಂಪ್ಯೂಟರ್ ಒಂದಕ್ಕೆ ಲಿನಕ್ಸ್ ಆಧಾರಿತ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟು ಸರ್ವರ್ ಹಾಕಿ, ಸಾಂಬಾ ಎಂಬ ಉಚಿತ ತಂತ್ರಾಂಶ ಅಳವಡಿಸಿದರೆ ಅದೇ ಎಲ್ಲರ ಕಡತಗಳನ್ನು ಒಂದೆಡೆ ಇಡುವ ಕಡತ ಸರ್ವರ್ ಆಗುತ್ತದೆ, ಈ ತೊಂದರೆ ತಪ್ಪುತ್ತದೆ. ವಿಂಡೋಸ್ ಕಡತ ಹಂಚಿಕೆಗೆ ಬಳಸುವ ಎಸ್‌ಎಂಬಿ ವಿಧಾನವನ್ನೇ ಸಾಂಬಾ ಅನುಸರಿಸುವುದರಿಂದ ಸಿಬ್ಬಂದಿಯ ಕಂಪ್ಯೂಟರ್‌ಗಳಿಗೆ ಹೊಸದೇನನ್ನೂ ಹಾಕಬೇಕಿಲ್ಲ.

ಕೀಬೋರ್ಡ್ ಮುಟ್ಟುವ ಮೊದಲು ಕಾಗದದಲ್ಲಿ ಬರೆದುಕೊಳ್ಳಿ: ಖಾತೆ ತಿದ್ದುವವರು ಯಾರು, ನೋಡಿದರೆ ಸಾಕಾದವರು ಯಾರು, ಯಾರಿಗೆ ಅದು ತೆರೆಯಲೇಬಾರದು? ಬೆಳೆಗಾರರ ಮುಂಗಡ, ಬ್ಯಾಂಕ್ ಖಾತೆಯ ವಿವರ ಇರುವ ಕಡತಗಳಿವು. ಇದನ್ನು ನಿರ್ಧರಿಸಬೇಕಾದವರು ಮಾಲೀಕರು; ಕಂಪ್ಯೂಟರ್ ರಿಪೇರಿಗೆ ಬಂದವರಲ್ಲ.

ನಂತರ ಲಿನಕ್ಸ್‌ನಲ್ಲಿ ಎರಡು ಗುಂಪು ಮಾಡಿ. ಖಾತೆ ನೋಡಬಹುದಾದ ಎಲ್ಲರೂ ‘ಮಂಡಿ’ ಗುಂಪಿಗೆ. ಅವರಲ್ಲಿ ತಿದ್ದುವವರು ‘ಲೆಕ್ಕ’ ಗುಂಪಿಗೂ ಸೇರಲಿ. ಪ್ರತಿಯೊಬ್ಬರಿಗೂ ಪ್ರತ್ಯೇಕ ಬಳಕೆದಾರ ಹೆಸರು ಕೊಟ್ಟು, ಸಾಂಬಾಕ್ಕೆ ಬೇರೆಯಾಗಿ ಪಾಸ್‌ವರ್ಡ್ ಹಾಕಿ. ಇಡೀ ಕಚೇರಿಗೆ ಒಂದೇ ಪಾಸ್‌ವರ್ಡ್ ಇದ್ದರೆ, ಕೆಲಸ ಬಿಟ್ಟು ಹೋದವರನ್ನು ಹೊರಗಿಡುವುದು ಕಷ್ಟ.

ಈಗ ಸಾಂಬಾದ ಸಂರಚನಾ ಕಡತ ತೆರೆದು ಹಂಚುವ ಫೋಲ್ಡರಿನ ವಿಭಾಗ ಬರೆಯಿರಿ. ‘ಗೆಸ್ಟ್ ಓಕೆ’ಗೆ ‘ನೋ’, ‘ರೀಡ್ ಓನ್ಲಿ’ಗೆ ‘ಯೆಸ್’ ಕೊಡಿ. ‘ವ್ಯಾಲಿಡ್ ಯೂಸರ್ಸ್’ ಎದುರು ಮಂಡಿ ಗುಂಪು, ‘ರೈಟ್ ಲಿಸ್ಟ್’ ಎದುರು ಲೆಕ್ಕ ಗುಂಪು ಬರಲಿ. ಗುಂಪಿನ ಹೆಸರಿಗಿಂತ ಮೊದಲು @ ಚಿಹ್ನೆ ಇರಬೇಕು. ಆಗ ಮಂಡಿ ಗುಂಪಿನ ಎಲ್ಲರೂ ಓದಬಹುದು, ಲೆಕ್ಕದವರು ಮಾತ್ರ ತಿದ್ದಬಹುದು.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಸಾಂಬಾ ಒಪ್ಪಿದರೂ ಲಿನಕ್ಸ್ ಒಪ್ಪದಿದ್ದರೆ ಕಡತ ತೆರೆಯುವುದಿಲ್ಲ: ಒಂದೇ ಕಪಾಟಿಗೆ ಎರಡು ಬೀಗವಿದ್ದಂತೆ. ಫೋಲ್ಡರನ್ನು ಮಂಡಿ ಗುಂಪಿಗೆ ಸೇರಿಸಿ, ಅನುಮತಿಯನ್ನು 2770 ಮಾಡಿ: ಫೋಲ್ಡರಿನ ಒಡೆಯ ಬಳಕೆದಾರನಿಗೂ ಗುಂಪಿಗೂ ಪೂರ್ತಿ ಅವಕಾಶ, ಉಳಿದವರಿಗೆ ಏನೂ ಇಲ್ಲ. ಮೊದಲಿನ 2 ಇದ್ದರೆ ಒಳಗೆ ಹುಟ್ಟುವ ಹೊಸ ಕಡತವೂ ಅದೇ ಗುಂಪಿಗೆ ಸೇರುತ್ತದೆ. ಸಾಂಬಾದ ಅದೇ ವಿಭಾಗದಲ್ಲಿ, ಹೊಸ ಕಡತ ಮತ್ತು ಫೋಲ್ಡರುಗಳ ಅನುಮತಿ ಗೊತ್ತುಮಾಡುವ ‘ಕ್ರಿಯೇಟ್ ಮಾಸ್ಕ್’ 0660, ‘ಡೈರೆಕ್ಟರಿ ಮಾಸ್ಕ್’ 2770 ಇರಲಿ. ಇಲ್ಲವಾದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಲಾಗದು. ಬೇಸತ್ತು 777, ಅಂದರೆ ಎಲ್ಲರಿಗೂ ಎಲ್ಲ ಅವಕಾಶ, ಕೊಟ್ಟುಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಎರಡನೆಯ ಬೀಗವೇ ಇಲ್ಲದಂತಾಗುತ್ತದೆ.

ಕಂಪ್ಯೂಟರ್‌ಗಳನ್ನೂ ಗೊತ್ತುಮಾಡಬಹುದು. ರೂಟರ್‌ನಲ್ಲಿ ಪ್ರತಿ ಯಂತ್ರಕ್ಕೂ ಸ್ಥಿರ ವಿಳಾಸ ಕಾಯ್ದಿರಿಸಿ, ಸಾಂಬಾ ಸಂರಚನಾ ಕಡತದಲ್ಲಿ ‘ಹೋಸ್ಟ್ಸ್ ಅಲೋ’ ಎದುರು 192.168.1.20ರಂತಹ ಆ ವಿಳಾಸಗಳನ್ನಷ್ಟೇ ಬರೆಯಿರಿ. ವೈಫೈ ಪಾಸ್‌ವರ್ಡ್ ಪಡೆದ ಗ್ರಾಹಕರ ಮೊಬೈಲ್ ಆಗ ಸಾಮಾನ್ಯವಾಗಿ ಒಳಬರಲಾಗದು. ಆದರೆ ವಿಳಾಸವನ್ನು ನಕಲು ಮಾಡಬಹುದು. ಆದ್ದರಿಂದ ಇದು ಪಾಸ್‌ವರ್ಡ್‌ಗೆ ಬದಲಿಯಲ್ಲ.

ಉಳಿಸಿ, ‘ಟೆಸ್ಟ್‌ಪಾರ್ಮ್’ ಆದೇಶದಿಂದ ತಪ್ಪು ನೋಡಿ, ಸೇವೆಯನ್ನು ಮರುಆರಂಭಿಸಿ. ಪರೀಕ್ಷೆಯನ್ನು ಅವಕಾಶ ಇಲ್ಲದವರ ಹೆಸರಿನಿಂದಲೇ ಶುರು ಮಾಡಿ. ವಿಂಡೋಸ್ ಹಳೆಯ ಲಾಗಿನ್ ನೆನಪಿಟ್ಟುಕೊಳ್ಳುತ್ತದೆ. ಹೆಸರು ಬದಲಿಸುವಾಗಲೆಲ್ಲ ಸೈನ್ ಔಟ್ ಮಾಡದಿದ್ದರೆ ಫಲಿತಾಂಶ ನಂಬುವಂತಿಲ್ಲ.

ಮನೆಯಿಂದಲೂ ಲೆಕ್ಕ ನೋಡುವ ಆಸೆಗೆ ರೂಟರ್‌ನಲ್ಲಿ ಎಸ್‌ಎಂಬಿ ಬಳಸುವ 445ನೇ ಪೋರ್ಟ್ ತೆರೆಯಲೇಬಾರದು. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಎಂಬ ಕುತಂತ್ರಾಂಶ ಹಬ್ಬಿದ್ದು ವಿಂಡೋಸ್‌ನ ಎಸ್‌ಎಂಬಿ ಮೊದಲ ಆವೃತ್ತಿಯ ದೋಷವನ್ನು ಬಳಸಿಕೊಂಡು, ಇದೇ ಪೋರ್ಟ್ ಮೂಲಕ. ಆ ಹಳೆಯ ಆವೃತ್ತಿಯನ್ನು ಎಲ್ಲೂ ಚಾಲೂ ಮಾಡಬೇಡಿ. ಹೊರಗಿನಿಂದ ಬರಲೇಬೇಕಿದ್ದರೆ ವಿಪಿಎನ್ ಎಂಬ ಗೂಢಲಿಪಿಯ ಖಾಸಗಿ ಸಂಪರ್ಕ ಇದೆ.

ಮಲೆನಾಡಿನಲ್ಲಿ ಸರ್ವರ್‌ಗೆ ಯುಪಿಎಸ್ ಇರಲೇಬೇಕು. ಕಡತ ಬರೆಯುತ್ತಿರುವಾಗ ಕರೆಂಟು ಹೋದರೆ ಅದು ಕೆಡಬಹುದು. ಮೋಡ ಕಟ್ಟಿದಾಗ, ಗುಡುಗು ಶುರುವಾಗುವ ಮೊದಲೇ ಸರ್ವರ್ ಆರಿಸಿ ಪ್ಲಗ್ ಕಿತ್ತರಷ್ಟೇ ಸಾಲದು, ನೆಟ್‌ವರ್ಕ್ ಕೇಬಲನ್ನೂ ಬಿಡಿಸಿ. ಸಿಡಿಲಿನ ಹೊಡೆತ ಅದರಿಂದಲೂ ಬರುತ್ತದೆ. ದಿನದ ಕೊನೆಗೆ ಹೊರ ಹಾರ್ಡ್‌ಡಿಸ್ಕ್‌ಗೆ ಪ್ರತಿ ಮಾಡಿ, ಅದನ್ನು ಕಳಚಿ ಬೇರೆ ಕೋಣೆಯಲ್ಲಿಡಿ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಕಡತ ತೆರೆದು ನೋಡಿ.