ಶೀಲ್ಡ್ ಬಿಡಿಸೋಕೆ ಹಸಿದ ಹೊತ್ತು ಬೇಡ

ನಮ್ಮ ಪಾಪು 5 ವಾರ ನಿಪ್ಪಲ್ ಶೀಲ್ಡ್ (ಹಾಲೂಡಿಸುವಾಗ ಮೊಲೆತೊಟ್ಟಿನ ಮೇಲೆ ಹಾಕುವ ತೆಳು ಕವಚ) ಇಲ್ಲದೆ ಹಾಲೇ ಕುಡಿಯುತ್ತಿರಲಿಲ್ಲ. ಶಿರಸಿ ಮಳೆ, ನಡುರಾತ್ರಿ ಕರೆಂಟಿಲ್ಲ, ಆ ಗಾಜಿನಂಥ ಸಿಲಿಕಾನ್ ತುಂಡನ್ನು ಕಂಬಳಿಯಲ್ಲಿ ತಡಕಾಡಿದ್ದು ನನಗೇ ಗೊತ್ತು!

ಹಸಿದು ಅಳುವಾಗ ಬಿಡಿಸಲು ಹೋಗಬೇಡಿ, ಸುಮ್ನೆ ಜಗಳ. ನಿದ್ದೆಗಣ್ಣಲ್ಲಿರುವಾಗ ಶೀಲ್ಡ್ ಹಾಕಿಯೇ ಶುರು ಮಾಡಿ. ಹಾಲು ಇಳಿದು ಗುಟುಕು ನುಂಗುವ ಸದ್ದು ಕೇಳಿದ ಮೇಲೆ ಮೆಲ್ಲಗೆ ತೆಗೆದು, ಎರಡು ಹನಿ ಹಿಂಡಿ, ತಕ್ಷಣ ಮೊಲೆಗೆ ಹಚ್ಚಿ. ಒಲ್ಲೆ ಅಂದರೆ ಮತ್ತೆ ಶೀಲ್ಡ್ ಹಾಕಿ. ನಮಗೆ 12 ದಿನ ಹಿಡಿಯಿತು. ಬೇಗ ಬಿಡಿಸೋಣ ಅಂತ ಶೀಲ್ಡಿನ ತುದಿ ಮಾತ್ರ ಕತ್ತರಿಸಬೇಡಿ, ಸಿಲಿಕಾನ್ ಅಂಚು ಚುಚ್ಚುತ್ತದೆ.

ದಿನಕ್ಕೆ 6 ಸಲವಾದರೂ ಉಚ್ಚೆ ಹೊಯ್ಯುತ್ತಿದೆಯಾ ನೋಡಿ. ಬಚ್ಚಲೊಲೆಯ ಮೇಲೆ ಒಣಹಾಕಿದ ಬಟ್ಟೆ ಎಣಿಸಿದರಾಯಿತು, ಅಲ್ವಾ? ತೂಕ ಏರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.